ಐದು ತಾಸಿನ ಪರಾಗ

ನೂಲ್ಬಿದಿರು ಹೂ ಬಿಟ್ಟಿದೆ ಎಂಬ ಸುದ್ದಿ ಬಂದಾಗ ಅನಸೂಯಾ ಮೇದಾರ ಹುಬ್ಬಳ್ಳಿ ವಿಮಾನ ನಿಲ್ದಾಣದ ನಿಯಂತ್ರಣ ಕೊಠಡಿಯಲ್ಲಿ ಕುಳಿತು, ಲಿಸ್ಬನ್‌ಗೆ ಹೊರಟ ಬಾಣವೆಂಬ ವಿಮಾನಕ್ಕೆ ದಾರಿ ಗೊತ್ತುಮಾಡುತ್ತಿದ್ದಳು. ಫೋನ್ ಮಾಡಿದವನು ಧಾರವಾಡದ ಸಸ್ಯವಿಜ್ಞಾನಿ ಇಮ್ತಿಯಾಜ್ ಬಾಗವಾನ. ಹಳಿಯಾಳದ ಹೈಸ್ಕೂಲಿನಲ್ಲಿ ಅವಳ ಜತೆ ಒಂದೇ ತರಗತಿಯಲ್ಲಿ ಕಲಿತವನು.

"ಮೆಳಿ ಹೂ ಬಿಟ್ಟದ ಅನಸೂಯಾ. ನಾ ಈಗ ಅದರ ಬುಡದಾಗ ನಿಂತೀನಿ," ಎಂದ.

"ಪೂರಾ?"

"ಪೂರಾ. ಒಂದ್ ಗಳಾನೂ ಬಿಟ್ಟಿಲ್ಲ."

"ಟ್ರಿನಿಡಾಡಿಂದು?"

"ಅಲ್ಲಿಂದ ಫೋಟೋ ಕಳಿಸ್ಯಾರ. ಮೊಗ್ಗು ಬಂದಾವು. ಇನ್ನೊಂದ್ ವಾರ ಹತ್ತ್ ದಿನದಾಗ ಅರಳ್ತಾವ."

ಅನಸೂಯಾ ತಿರುಗಿ ಗೋಡೆಯ ಮೇಲಿನ ದೊಡ್ಡ ಭೂಪಟವನ್ನು ನೋಡಿದಳು. ಹುಬ್ಬಳ್ಳಿ ಬಲಬದಿಯಲ್ಲಿತ್ತು, ಟ್ರಿನಿಡಾಡ್ ಎಡಬದಿಯಲ್ಲಿ, ಅಟ್ಲಾಂಟಿಕ್‌ನ ಆಚೆ ದಡದಲ್ಲಿ. ನಡುವೆ ಹದಿನಾಲ್ಕು ಸಾವಿರದ ನಾನೂರು ಕಿಲೋಮೀಟರ್. ಸಾಧಾರಣ ವಿಮಾನಗಳಲ್ಲಿ ಎರಡು ಕಡೆ ಇಳಿದು ಹತ್ತಿ ಹೋದರೆ ಒಂದು ಹಗಲು, ಒಂದು ರಾತ್ರಿ ಕಳೆದು ಇನ್ನೂ ಕೆಲವು ತಾಸು ಬೇಕು.

"ಪರಾಗ ಎಷ್ಟ್ ಹೊತ್ತ ಬದಕತದ?" ಎಂದು ಕೇಳಿದಳು.

"ಐದು ತಾಸು. ಅದಕ್ಕ ನಿನಗ ಫೋನ್ ಮಾಡೀನಿ."

ನೂಲ್ಬಿದಿರು ಹಳಿಯಾಳದ ಕಾಡಿನದು. ಅದರ ಸೀಳನ್ನು ಎಷ್ಟು ತೆಳ್ಳಗೆ ಎಳೆದರೂ ತುಂಡಾಗುವುದಿಲ್ಲ, ನೂಲಿನಂತೆ ಬಾಗುತ್ತದೆ. ಮೇದಾರ ಓಣಿಯ ತೊಟ್ಟಿಲು, ಮೊರ, ಮದುವೆಯ ಬುಟ್ಟಿಗಳಿಗೆ ಆ ಭಾಗದಲ್ಲೆಲ್ಲ ಹೆಸರು ಬಂದಿದ್ದು ಆ ಬಿದಿರಿನಿಂದಲೇ. ಅದು ಹೂ ಬಿಡುವುದು ತೊಂಬತ್ತು ವರ್ಷಕ್ಕೊಮ್ಮೆ. ಹೂ ಬಿಟ್ಟ ಮೇಲೆ ಒಣಗಿ ಸಾಯುತ್ತದೆ. ಒಂದು ಕಾಲದ ಬೀಜದಿಂದ ಹುಟ್ಟಿದ ಮೆಳೆಗಳು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಒಂದೇ ಹಂಗಾಮಿನಲ್ಲಿ ಹೂ ಬಿಡುತ್ತವೆ. ಅವುಗಳೊಳಗೆ ಅದೆಂಥದೋ ಗಡಿಯಾರ ಓಡುತ್ತಿರುತ್ತದೆ. ಹಳಿಯಾಳದಲ್ಲಿ ಈಗ ಉಳಿದಿದ್ದು ಒಂದೇ ಮೆಳೆ. ತನ್ನ ಪರಾಗದಿಂದ ತನಗೇ ಬೀಜ ಕಟ್ಟುವ ಶಕ್ತಿ ಅದಕ್ಕಿರಲಿಲ್ಲ. ಅದರ ಕುಲದ ಇನ್ನೊಂದು ಮೆಳೆ ಇದ್ದದ್ದು ಟ್ರಿನಿಡಾಡಿನ ಗುಡ್ಡದ ತೋಟವೊಂದರಲ್ಲಿ. ಬಹಳ ಹಿಂದೆ ಯಾರೋ ತೋಟಗಾರರು ಇದೇ ಕಾಡಿನ ಬೇರೊಂದು ಬುಡದ ಗಡ್ಡೆಯನ್ನು ಹಡಗಿನಲ್ಲಿ ಒಯ್ದು ನೆಟ್ಟಿದ್ದರು.

ಪ್ರಯೋಗಾಲಯದಲ್ಲಿ ಸಸಿ ಮಾಡಿಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳಿದವರಿದ್ದರು. ಇಮ್ತಿಯಾಜ್ ಮಾಡಿದ್ದ. ಸೀಸೆಯಲ್ಲಿ ಬೆಳೆದ ಆ ಸಸಿಗಳೂ ಅದೇ ವಾರ ಬೆರಳುದ್ದದ ಗಳದ ಮೇಲೆಯೇ ಹೂ ಹೊತ್ತು ನಿಂತಿದ್ದವು. ತಾಯಿಗೆ ಎಷ್ಟು ವಯಸ್ಸೋ ಅವಕ್ಕೂ ಅಷ್ಟೇ. ಪರಾಗವನ್ನು ಒಣಗಿಸಿದರೆ ಸಾಯುತ್ತಿತ್ತು, ಹೆಪ್ಪುಗಟ್ಟಿಸಿದರೂ ಸಾಯುತ್ತಿತ್ತು. ಒದ್ದೆ ತಂಪಿನಲ್ಲಿಟ್ಟರೆ ಮಾತ್ರ ಐದು ತಾಸು.

"ಬಾಣ ಆ ಊರಿಗೆ ಇನ್ನೂ ಹಾರಿಲ್ಲ," ಎಂದಳು ಅನಸೂಯಾ.

"ಹಾರಬಹುದಾ ಅಂತ ಕೇಳಿದೆ."

"ಹಾರಬಹುದು," ಎಂದಳು ಅವಳು. ಆ ಒಂದು ಮಾತು ಹೇಳುವಷ್ಟರಲ್ಲೇ ಅವಳ ತಲೆಯಲ್ಲಿ ದಾರಿಯ ಅರ್ಧ ಲೆಕ್ಕ ಮುಗಿದಿತ್ತು.

ಬಾಣ ಎಂಬುದು ಹುಬ್ಬಳ್ಳಿಯ ಜನ ಆ ವಿಮಾನಕ್ಕೆ ಇಟ್ಟ ಹೆಸರು. ಅದರ ಮೂತಿಯಲ್ಲೊಂದು ಸಾಧನವಿತ್ತು. ಅದು ಮುಂದಿನ ಗಾಳಿಯ ಮೇಲೆ ಸೂಜಿಯಂಥ ಕಿರಣ ಹಾಯಿಸಿ ಅದನ್ನು ಕ್ಷಣಮಾತ್ರ ಕಾಯಿಸುತ್ತಿತ್ತು. ಕಾದ ಗಾಳಿ ಹಿಗ್ಗಿ ಬದಿಗೆ ಸರಿದಾಗ ವಿಮಾನದ ಮೈಗಿಂತ ತುಸು ಅಗಲದ ತೆಳುಗಾಳಿಯ ಕೊಳವೆಯೊಂದು ತೆರೆದುಕೊಳ್ಳುತ್ತಿತ್ತು. ಆ ಕೊಳವೆಯೊಳಗೆ ಬಾಣ ಶಬ್ದದ ನಾಲ್ಕು ಪಟ್ಟಿಗೂ ಮೀರಿದ ವೇಗದಲ್ಲಿ ಓಡಿದರೂ ಅದರ ಮೈ ಕೆಂಪಗೆ ಕಾಯುತ್ತಿರಲಿಲ್ಲ, ರೆಕ್ಕೆ ನಡುಗುತ್ತಿರಲಿಲ್ಲ. ಎಂಜಿನಿಯರುಗಳು ಅದಕ್ಕೆ ಮುಂಗಿರಣ ಎನ್ನುತ್ತಿದ್ದರು.

ಎರಡು ವರ್ಷಗಳಲ್ಲಿ ಹುಬ್ಬಳ್ಳಿ ಅದಕ್ಕೆ ಒಗ್ಗಿಕೊಂಡಿತ್ತು. ವಿದ್ಯಾನಗರದ ವಕೀಲರೊಬ್ಬರು ಮಧ್ಯಾಹ್ನ ಉಂಡು ಹೊರಟು ಲಿಸ್ಬನ್‌ನಲ್ಲಿ ಮತ್ತೆ ಮಧ್ಯಾಹ್ನದ ಊಟಕ್ಕೆ ಕೂರುತ್ತಿದ್ದರು. ಬೆಳಗಿನ ಬಾಣಕ್ಕೆ ಹೋಗಿ ಸಂಜೆಯ ಬಾಣಕ್ಕೆ ಮರಳುವ ನರ್ಸುಗಳಿದ್ದರು. ಎರಡು ಊರಿನ ಹೊತ್ತು ತೋರಿಸುವ ಕೈಗಡಿಯಾರ ದುರ್ಗದಬೈಲಿನ ಅಂಗಡಿಗಳಲ್ಲಿ ರಾಶಿ ಬಿದ್ದಿತ್ತು. ಜತೆಗೆ ಹೊಸ ಕಾಯಿಲೆಯೊಂದೂ ಬಂದಿತ್ತು. ಮೂರು ತಾಸಿನಲ್ಲಿ ಅರ್ಧ ಜಗತ್ತು ದಾಟಿದ ಮೈಗೆ ಯಾವಾಗ ಹಸಿಯಬೇಕು, ಯಾವಾಗ ನಿದ್ದೆ ಬರಬೇಕು ಎಂಬುದೇ ಮರೆತುಹೋಗುತ್ತಿತ್ತು. ವೈದ್ಯರು ಅದಕ್ಕೆ ಉದ್ದನೆಯ ಹೆಸರು ಕೊಟ್ಟರು, ಜನ ಹೊತ್ತುಗೇಡು ಎಂದರು. ನಡುಹಗಲಲ್ಲಿ ಬಸ್ ಸ್ಟಾಪಿನಲ್ಲಿ ಯಾರಾದರೂ ತೂಕಡಿಸುತ್ತಿದ್ದರೆ, "ಪಾಪ, ಬಾಣದಾಗ ಬಂದಾರ," ಎಂದು ಸುತ್ತಲಿನವರು ಜಾಗ ಬಿಡುತ್ತಿದ್ದರು.

ಮರುದಿನ ಭಾನುವಾರ. ಅನಸೂಯಾ ಹಳಿಯಾಳಕ್ಕೆ ಹೋದಳು. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ಚಿಕ್ಕಮ್ಮ ತಂಗೆವ್ವ. ಓಣಿಯ ಬಾಯಿಗೇ ಅವಳ ಮನೆ. ತಂಗೆವ್ವ ಜಗಲಿಯ ಮೇಲೆ ಕುಳಿತು ತೊಟ್ಟಿಲು ಹೆಣೆಯುತ್ತಿದ್ದಳು. ಎದುರಿನ ಕಟ್ಟೆಯ ಮೇಲೆ ಓಣಿಯ ಏಳೆಂಟು ಗಂಡಸರು ಕೊಡಲಿಗಳನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದರು.

"ಬಾ ಅನಸಿ. ಛಲೋ ಹೊತ್ತಿಗೆ ಬಂದಿ," ಎಂದಳು ತಂಗೆವ್ವ. "ಇವ್ರೆಲ್ಲಾ ಮೆಳಿ ಕಡೀಲಿಕ್ಕೆ ನಿಂತಾರ. ಇಮ್ತಿಯಾಜ ಸಾಹೇಬ್ರು ಬ್ಯಾಡ ಅಂತ ನಿನ್ನೆ ಕೈ ಮುಗದು ಹೋದ್ರು. ನನಗ ತಿಳೀವಲ್ತು."

ಕಟ್ಟೆಯಿಂದ ಫಕೀರಪ್ಪ ಎದ್ದು ಬಂದ. ಓಣಿಯಲ್ಲಿ ಅವನಷ್ಟು ಬೇಗ ಬುಟ್ಟಿ ಕಟ್ಟುವವರಿರಲಿಲ್ಲ. "ನೀನಽ ಹೇಳವಾ," ಎಂದ. "ಹೂ ಬಿಟ್ಟ ಗಳ ಇನ್ನೆರಡು ವಾರಕ್ಕ ಹಪ್ಪಳದಂಗ ಮುರೀತಾವು. ಈಗ ಕಡಕೊಂಡ್ರ ಓಣಿಗೆಲ್ಲಾ ವರ್ಷಗಟ್ಟಲೆ ಕೆಲಸ. ನಿಲ್ಲಿಸಿ ನೋಡಕೋತ ಕುಂತು, ಬೀಜಾನೂ ಆಗಲಿಲ್ಲ ಅಂದ್ರ? ಗಳಾನೂ ಹೋತು, ಬೀಜಾನೂ ಹೋತು."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅರ್ಧ ಕಡಿದು ಅರ್ಧ ಬಿಡುವ ಹಾಗೂ ಇರಲಿಲ್ಲ. ಮೆಳೆಯ ಬೇರು ಒಂದೇ. ಕಡಿದ ಕಡೆಯಿಂದ ಸತ್ವ ಸೋರಿಹೋದರೆ ಉಳಿದ ಹೂಗಳೂ ಬಾಡುತ್ತವೆ ಎಂದು ಇಮ್ತಿಯಾಜ್ ಹೇಳಿದ್ದ.

ಅನಸೂಯಾ ಒಳಗಿನಿಂದ ಒಂದು ದುಂಡು ಬುಟ್ಟಿಯನ್ನೂ ದಾರವನ್ನೂ ತಂದು ಬುಟ್ಟಿಯನ್ನು ಕವುಚಿ ಹಾಕಿದಳು. "ಇದು ಭೂಮಿ ಅನ್ನು ಚಿಗವ್ವ. ಇಲ್ಲಿ ನಾವು. ಅಲ್ಲಿ, ಅರ್ಧಾ ಸುತ್ತಿನಾಚೆ, ಆ ತ್ವಾಟ," ಎಂದು ದಾರದ ಒಂದು ತುದಿಯನ್ನು ಈಚೆ, ಇನ್ನೊಂದನ್ನು ಆಚೆ ಒತ್ತಿ ಹಿಡಿದು ಬಿಗಿಯಾಗಿ ಎಳೆದಳು. ದಾರ ಬುಟ್ಟಿಯ ಅಂಚಿನುದ್ದಕ್ಕೆ ಸಾಗದೆ ಮೇಲಕ್ಕೇರಿ ತಳದ ಹತ್ತಿರ ಹಾದು ಆಚೆ ಇಳಿಯಿತು. "ಬಾಣ ಹಿಂಗ ಬರ್ತದ. ಪಟದಾಗ ನೋಡಿದ್ರ ಸೊಟ್ಟ ಕಾಣತದ, ಖರೇ ಅಂದ್ರ ಇದಽ ಹತ್ತರದ ದಾರಿ. ಮೂರೂಕಾಲು ತಾಸು. ತ್ವಾಟದಿಂದ ವಿಮಾನಕ್ಕ, ವಿಮಾನದಿಂದ ಮೆಳಿಗೆ ಅಂತ ಉಳದ ಹೊತ್ತು ಹಿಡದ್ರೂ ಐದು ತಾಸು ಆಗೂದಿಲ್ಲ."

ತಂಗೆವ್ವ ದಾರವನ್ನೂ ಬುಟ್ಟಿಯನ್ನೂ ಬಿಟ್ಟು ಅನಸೂಯಾಳ ಮುಖ ನೋಡಿದಳು.

"ಬುಟ್ಟಿ ಇರಲಿ. ಹೌದಂದ್ರ ಹೌದನ್ನು, ಇಲ್ಲಂದ್ರ ಇಲ್ಲನ್ನು. ತರ್ತಿ?"

"ತರ್ತೀನಿ ಚಿಗವ್ವ."

ತಂಗೆವ್ವ ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟು ಎದ್ದಳು. "ಕೊಡಲಿ ಒಳಗ ಇಡ್ರೆಪಾ. ನಮ್ಮ ಹುಡುಗಿ ತರ್ತೀನಿ ಅಂದಾಳ."

"ಈ ವರ್ಷ ಹೊಟ್ಟಿಗೆ ಏನು?" ಎಂದ ಫಕೀರಪ್ಪ.

"ದಾಂಡೇಲಿ ಕಡಿಂದ ಬ್ಯಾರೆ ಬಿದರ ತರಸೋಣು. ತೊಟ್ಟಲಾ ಆಗಲಿಕ್ಕಿಲ್ಲ, ಬುಟ್ಟಿ ಆಗ್ತಾವು. ಒಂದ್ ವರ್ಷ ಬುಟ್ಟೀನ ಮಾರೂಣು."

ಫಕೀರಪ್ಪ ಗೊಣಗುತ್ತಲೇ ಕೊಡಲಿ ಹೆಗಲಿಗೇರಿಸಿದ. ಗೊಣಗಿದರೂ ಕಾಡಿನ ಕಡೆಗೆ ತಿರುಗದೆ ಮನೆಯ ಕಡೆಗೇ ನಡೆದ.

ಸೋಮವಾರ ಅನಸೂಯಾ ಬಾಣದ ನಿಯಂತ್ರಣ ಕೇಂದ್ರದ ಮುಖ್ಯಸ್ಥ ಗುರುಪಾದ ಹೊಂಗಲರ ಕೋಣೆಯಲ್ಲಿದ್ದಳು. ಟ್ರಿನಿಡಾಡ್ ದಾರಿಯ ಪರೀಕ್ಷಾ ಹಾರಾಟ ಮಾರ್ಚ್‌ನಲ್ಲಿ ಆಗಬೇಕಿತ್ತು. ಜನವರಿಗೇ ತರೋಣ ಎಂಬುದು ಅವಳ ಬೇಡಿಕೆ.

"ಒಂದ್ ಚಮಚ ಪುಡಿ ತರಲಿಕ್ಕೆ ಬಾಣಾ ಕಳಸಬೇಕು?" ಎಂದರು ಹೊಂಗಲ.

"ಹೆಂಗಿದ್ರೂ ಕಳಸಬೇಕಲ್ರಿ ಸರ್. ಪರೀಕ್ಷಾ ಹಾರಾಟದಾಗ ಮರಳಿನ ಚೀಲಾ ಹೊತಗೊಂಡು ಬರ್ತಾರ. ಈ ಸಲ ಅದರ ಜೋಡಿ ಒಂದು ಪೆಟ್ಟಿಗಿ ಬರಲಿ. ವಿಮಾನ ತಯಾರದ, ಹಾರಸಲಿಕ್ಕೆ ಲೂಸಿ ತಯಾರದಾಳ, ದಾರಿ ನಾ ಹಾಕಿ ತೋರಸ್ತೀನಿ."

ಹೊಂಗಲ ನಕ್ಕರು. ಅವರಿಗೆ ಅನಸೂಯಾ ಹಾಕಿದ ದಾರಿಗಳ ಮೇಲೆ ನಂಬಿಕೆಯಿತ್ತು. ನಿಯಮ ಮೀರಬಾರದು, ಎಲ್ಲಿಯೂ ಕಾಯ್ದಿಟ್ಟ ಇಂಧನಕ್ಕೆ ಕೈ ಹಾಕಬಾರದು ಎಂಬ ಎರಡು ಶರತ್ತು ಹಾಕಿ ಒಪ್ಪಿದರು. ಅನುಮತಿಗಳು ಬರಲು ಐದು ದಿನ ಹಿಡಿಯಿತು. ಆರನೆಯ ದಿನ ಕಾರವಾರದ ಕ್ಯಾಪ್ಟನ್ ಲೂಸಿ ಫರ್ನಾಂಡಿಸ್ ಬಾಣವನ್ನು ಟ್ರಿನಿಡಾಡಿಗೆ ಒಯ್ದಳು. ಇಮ್ತಿಯಾಜ್ ಅವಳ ಜತೆ ಹೋದ.

ಹೂಗಳು ಅರಳಿದ್ದು ಅವರು ಅಲ್ಲಿಗೆ ತಲುಪಿದ ಮೂರನೆಯ ಬೆಳಗು. ಅಲ್ಲಿ ಇನ್ನೂ ನಸುಕು, ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಎರಡೂವರೆ.

"ಪರಾಗದ ಕೋಶ ಒಡೀಲಿಕ್ಕೆ ಹತ್ಯಾವು," ಎಂದು ಇಮ್ತಿಯಾಜನ ದನಿ ನಿಯಂತ್ರಣ ಕೊಠಡಿಯಲ್ಲಿ ಕೇಳಿಸಿತು. "ಐದು ತಾಸು ಈಗ ಚಾಲೂ."

ಗೋಡೆಯ ಮೇಲಿನ ಗಡಿಯಾರದಲ್ಲಿ ಅನಸೂಯಾ ಏಳೂವರೆಗೆ ಕೆಂಪು ಗುರುತು ಹಾಕಿದಳು. ಅವಳ ಲೆಕ್ಕದಲ್ಲಿ ಇಪ್ಪತ್ತು ನಿಮಿಷ ಉಳಿತಾಯವಿತ್ತು. ಗುಡ್ಡದ ರಸ್ತೆಯಲ್ಲಿ ಮಂಜು ಕವಿದು ಇಮ್ತಿಯಾಜನ ಕಾರು ತೆವಳಿದ್ದರಿಂದ ಅದರಲ್ಲಿ ಹದಿನಾಲ್ಕು ಅಲ್ಲೇ ಕರಗಿತು. ಬಾಣ ನೆಲ ಬಿಟ್ಟಾಗ ಉಳಿದಿದ್ದು ಆರು.

"ಆರು ಸಾಕು," ಎಂದಳು ಅನಸೂಯಾ ಮೈಕಿನಲ್ಲಿ.

"ಸಾಕೇ ಸಾಕು," ಎಂದಳು ಲೂಸಿ. "ಇಮ್ತಿಯಾಜ್ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಉಸಿರಾದರೂ ಆಡಿ ಅಂತ ಹೇಳು ಅವರಿಗೆ."

ಬಾಣ ಮೂವತ್ತು ಕಿಲೋಮೀಟರ್ ಎತ್ತರಕ್ಕೇರಿ ಈಶಾನ್ಯಕ್ಕೆ ಓಡತೊಡಗಿತು. ಅಟ್ಲಾಂಟಿಕ್ ದಾಟಿ, ಸಹಾರಾದ ಉತ್ತರದ ಅಂಚು ಹಿಡಿದು, ಅರೇಬಿಯಾ ಹಾದು ಬರುವುದು ಗೊತ್ತಾದ ದಾರಿ. ಮುಕ್ಕಾಲು ತಾಸು ಏನೂ ತೊಂದರೆಯಾಗಲಿಲ್ಲ. ಹೊಂಗಲ ಚಹಾ ತರಿಸಿದರು. ಅಷ್ಟರಲ್ಲಿ ಪರದೆಯ ಮೇಲೆ ಆಫ್ರಿಕಾದ ಉತ್ತರ ಭಾಗ ಒಮ್ಮೆಲೇ ಕೆಂಪಾಯಿತು.

ಅಲ್ಲಿನ ದೇಶವೊಂದು ಮುನ್ಸೂಚನೆಯಿಲ್ಲದೆ ತನ್ನ ಆಕಾಶವನ್ನು ಮುಚ್ಚಿತ್ತು. ಸೇನಾ ಅಭ್ಯಾಸವೆಂದು ಒಂದೇ ಸಾಲಿನ ಸೂಚನೆ. ಮರಳುಗಾಡಿನ ಒಡಲಿನಿಂದ ಮೆಡಿಟರೇನಿಯನ್ ಸಮುದ್ರದ ಆಚೆ ದಡದವರೆಗೂ ಬಾಣಕ್ಕೆ ಪ್ರವೇಶವಿರಲಿಲ್ಲ.

ಕೇಂದ್ರದ ಗಣಕ ಅರೆಕ್ಷಣದಲ್ಲಿ ಹೊಸ ದಾರಿ ತೋರಿಸಿತು. ಸಹಾರಾದ ದಕ್ಷಿಣಕ್ಕೆ ಬಳಸಿ ಬರಬೇಕು. ದೂರ ನೂರಮೂವತ್ತು ಕಿಲೋಮೀಟರ್ ಹೆಚ್ಚು, ಅದೇನೂ ದೊಡ್ಡದಲ್ಲ. ಆದರೆ ಆ ದಾರಿಯುದ್ದಕ್ಕೂ ಎದುರುಗಾಳಿ. ಎರಡೂ ಸೇರಿ ಒಂಬತ್ತು ನಿಮಿಷ ತಡ.

ಆರರಲ್ಲಿ ಒಂಬತ್ತು ಕಳೆಯಲು ಬರುವುದಿಲ್ಲ. ಚಹಾದ ಲೋಟ ಕೈಯಲ್ಲೇ ಹಿಡಿದು ಹೊಂಗಲ ಅನಸೂಯಾಳ ಕಡೆ ನೋಡಿದರು.

"ಉತ್ತರಕ್ಕ ಹೋಗೂಣು ಸರ್," ಎಂದಳು ಅವಳು.

"ಉತ್ತರದ ದಾರಿ ಮುನ್ನೂರು ಕಿಲೋಮೀಟರ್ ಹೆಚ್ಚದ. ಗಣಕ ಅದನ್ನ ಮೊದಲಽ ತಗದು ಒಗದದ."

"ದೂರ ಹೆಚ್ಚದ, ಹೊತ್ತು ಹೆಚ್ಚಿಲ್ರಿ."

ಅವಳು ಪರದೆಯ ಮೇಲೆ ಬೆರಳಾಡಿಸಿ ತೋರಿಸಿದಳು. ಎರಡು ಊರು ಭೂಮಿಯ ಮೇಲೆ ಎಷ್ಟು ದೂರದೂರವಿದ್ದರೆ, ನಡುವಿನ ದಾರಿಯನ್ನು ಬದಿಗೆ ಜಗ್ಗಿದಾಗ ತಗಲುವ ಹೆಚ್ಚಿನ ದೂರ ಅಷ್ಟು ಕಡಿಮೆ. ಹುಬ್ಬಳ್ಳಿ, ಬೆಂಗಳೂರಿನಂಥ ಹತ್ತಿರದ ಊರುಗಳಾಗಿದ್ದರೆ ಇಷ್ಟು ಬಳಸುವ ಮಾತೇ ಇರುತ್ತಿರಲಿಲ್ಲ. ಇಲ್ಲಿ ಬಾಣ ಫ್ರಾನ್ಸಿನ ಮೇಲೆ, ಐವತ್ತನೆಯ ಅಕ್ಷಾಂಶದವರೆಗೆ ಏರಿ ಇಳಿದರೂ ಬರೀ ಮುನ್ನೂರು ಕಿಲೋಮೀಟರ್. ಚಳಿಗಾಲದಲ್ಲಿ ಆ ಎತ್ತರದಲ್ಲಿ, ಆ ಅಕ್ಷಾಂಶದಲ್ಲಿ, ಉತ್ತರ ಧ್ರುವದ ಸುತ್ತ ಪಡುವಣದಿಂದ ಮೂಡಣಕ್ಕೆ ದೊಡ್ಡ ಗಾಳಿಹೊಳೆ ಹರಿಯುತ್ತಿರುತ್ತದೆ. ಬಾಣ ಅದರ ಬೆನ್ನೇರಿದರೆ ಮೊದಲಿನ ದಾರಿಗಿಂತಲೂ ಮೂರು ನಿಮಿಷ ಮುಂಚೆ ಹುಬ್ಬಳ್ಳಿಯಲ್ಲಿರುತ್ತದೆ.

"ಹೊಳಿ ಇದ್ರ," ಎಂದರು ಹೊಂಗಲ. "ಮುಂಜಾನೆ ಹವಾಮಾನದ ಬಲೂನಿನ ವರದಿ ನೋಡಿಯಲ್ಲ?"

ನೋಡಿದ್ದಳು. ಮೇಲಿನ ಗಾಳಿ ಎರಡು ಕಡೆ ಬೆಚ್ಚಗಾಗುತ್ತಿದೆ ಎಂದಿತ್ತು. ಕೆಲವು ವರ್ಷ ನಡುಚಳಿಗಾಲದಲ್ಲಿ ಹೀಗೆ ಬೆಚ್ಚಗಾಗಿ ಇಡೀ ಗಾಳಿಹೊಳೆ ಒಡೆದುಹೋಗುವುದುಂಟು, ಹಿಂದುಮುಂದಾಗಿ ಹರಿಯುವುದೂ ಉಂಟು. ಅಂಥ ಸಂಶಯ ಬಂದ ಕೂಡಲೇ ಆ ಗಾಳಿಯನ್ನು ಸೊನ್ನೆಯೆಂದು ಹಿಡಿಯುವಂತೆ ಗಣಕಕ್ಕೆ ಕಲಿಸಿದ್ದರು. ಹೊಳೆ ಇಲ್ಲದೆ ಉತ್ತರಕ್ಕೆ ಹೋದರೆ ಕಾಯ್ದಿಟ್ಟ ಇಂಧನ ಮುಟ್ಟಬೇಕಾಗುತ್ತದೆ. ಅದಾಗದಿರಲು ಲೂಸಿ ಮಸ್ಕತ್‌ನಲ್ಲಿ ಇಳಿಯಬೇಕು. ಪರಾಗ ಅಲ್ಲಿಯೇ ಸಾಯುತ್ತದೆ.

"ಬಲೂನು ಆರು ತಾಸಿನ ಹಿಂದಿನ ಮಾತು ಹೇಳ್ತದ," ಎಂದಳು ಅನಸೂಯಾ. "ನಮ್ಮ ಕಡೆ ಅಲ್ಲೇ ಹಾರ್ತಿರೂ ವಿಮಾನ ಅದ. ಅದನ್ನಽ ಕೇಳೂಣು." ಮೈಕು ಎಳೆದುಕೊಂಡಳು. "ಲೂಸಿ, ನಾಲ್ಕು ನಿಮಿಷ ನೇರ ಉತ್ತರಕ್ಕೆ ತಿರುಗಿಸು. ತಿರುಗಿಸಿದ ಮೇಲೆ ಮುಂಗಿರಣ ಎಷ್ಟು ಎಡಕ್ಕೆ ವಾಲುತ್ತದೆ ಅಂತ ಓದಿ ಹೇಳು."

ಲೂಸಿಗೆ ಕೂಡಲೇ ಅರ್ಥವಾಯಿತು. ಕಿರಣ ಕಾಯಿಸಿದ ಗಾಳಿಯನ್ನು ಅಡ್ಡಗಾಳಿ ಬದಿಗೆ ತಳ್ಳುತ್ತದೆ, ಕೊಳವೆ ಕೈತಪ್ಪದಂತೆ ಸಾಧನ ಕಿರಣವನ್ನು ಗಾಳಿಯ ಎದುರಿಗೆ ಅಷ್ಟೇ ವಾಲಿಸುತ್ತದೆ. ಬಾಣ ನೇರ ಉತ್ತರಕ್ಕೆ ಮುಖ ಮಾಡಿದಾಗ ಪಡುವಣ ಗಾಳಿ ಅದರ ಎಡ ಪಕ್ಕೆಗೆ ಬಡಿಯುತ್ತದೆ. ವಾಲು ಎಷ್ಟೋ ಗಾಳಿ ಅಷ್ಟು.

"ತಿರುಗಿದೆ," ಎಂದಳು ಲೂಸಿ.

ಗಾಳಿ ಇಲ್ಲದಿದ್ದರೆ ಈ ನಾಲ್ಕು ನಿಮಿಷವೂ ದಂಡ. ದಕ್ಷಿಣದ ದಾರಿಯೂ ಅಷ್ಟು ದೂರವಾಗುತ್ತದೆ. ಮೆಳೆಯ ಬುಡದಲ್ಲಿ ಈ ಹೊತ್ತಿಗೆ ಓಣಿಯವರೆಲ್ಲ ಕಾಯುತ್ತಿರುತ್ತಾರೆ ಎಂಬುದು ಅನಸೂಯಾಳ ಮನಸ್ಸಿಗೆ ಬಂತು. ಆದರೂ ಹೆದರಿಕೆಯಾಗಲಿಲ್ಲ. ಅವಳು ಆ ಎತ್ತರದ ಚಳಿಗಾಲದ ಗಾಳಿಯನ್ನು ಎರಡು ವರ್ಷ ದಿನಾ ಓದಿದ್ದಳು. ಒಡೆಯುವ ಹೊಳೆ ಮೊದಲು ತನ್ನ ದಕ್ಷಿಣದ ಅಂಚಿನಲ್ಲಿ ಸೊರಗುತ್ತದೆ. ಅಂಚಿನಲ್ಲಿ ಬಲವಿದ್ದರೆ ನಡುವೆ ಇದ್ದೇ ಇರುತ್ತದೆ.

"ಸೆಕೆಂಡಿಗೆ ಹದಿನೈದು ಮೀಟರ್," ಎಂದಳು ಲೂಸಿ. ಸ್ವಲ್ಪ ತಡೆದು, "ಇಪ್ಪತ್ತೆರಡು." ಮತ್ತೆ, "ಮೂವತ್ತೊಂದು. ಅನಸೂಯಾ, ಇದು ಏರುತ್ತಲೇ ಇದೆ."

ಅನಸೂಯಾ ಹೊಂಗಲರತ್ತ ತಿರುಗಿದಳು. ಮೂವತ್ತೊಂದನ್ನು ಹಾಕಿ ಇಂಧನದ ಲೆಕ್ಕವನ್ನು ಅವರ ಮುಂದಿಟ್ಟಳು. ಕಾಯ್ದಿಟ್ಟದ್ದಕ್ಕೆ ಕೈ ಹಾಕುವ ಅಗತ್ಯ ಬೀಳುವುದಿಲ್ಲ ಎಂದು ಅದು ತೋರಿಸುತ್ತಿತ್ತು. ಅವರು ಲೆಕ್ಕವನ್ನು ಎರಡು ಸಲ ನೋಡಿದರು.

"ದಾರಿ ಹಾಕೂ ಅಧಿಕಾರ ನಿಂದು. ನಂದು ಹೂಂ ಅದ," ಎಂದರು.

"ಲೂಸಿ, ಫ್ರಾನ್ಸಿನ ಮೇಲೆ ಬಾ. ಹೊಸ ದಾರಿ ಕಳಿಸ್ತಿದ್ದೇನೆ."

"ಬಂದೆ," ಎಂದಳು ಲೂಸಿ.

ಮುಂದಿನ ದಾರಿಗಾಗಿ ಅನಸೂಯಾ ಒಂದಾದ ಮೇಲೊಂದು ನಾಲ್ಕು ದೇಶಗಳ ನಿಯಂತ್ರಕರ ಜತೆ ಮಾತಾಡಿ ಅನುಮತಿ ಪಡೆದಳು. ಬಾಣದ ಗುಡುಗು ಮೂವತ್ತು ಕಿಲೋಮೀಟರ್ ಕೆಳಗಿನ ಊರುಗಳಿಗೆ ಬಾಗಿಲು ತಟ್ಟಿದಷ್ಟೂ ಕೇಳುವುದಿಲ್ಲ ಎಂದು ಪ್ರತಿಯೊಬ್ಬರಿಗೂ ತಿಳಿಸಿ ಹೇಳಬೇಕಾಯಿತು. ಆಲ್ಪ್ಸ್ ಪರ್ವತಗಳ ಮೇಲೆ ಗಾಳಿ ಅರವತ್ತೆರಡು ಮುಟ್ಟಿತು. ಕಪ್ಪು ಸಮುದ್ರ, ಇರಾನ್, ಅರಬ್ಬೀ ಸಮುದ್ರ. ಇಲ್ಲಿ ಹೊರಗೆ ಹೊತ್ತು ಮುಳುಗುತ್ತಿತ್ತು. ಗೋವೆಯ ಕಡಲ ಮೇಲೆ ಬಾಣ ವೇಗ ಇಳಿಸಿದಾಗ ಅನಸೂಯಾ ಅದನ್ನು ವಿಮಾನ ಇಳಿಸುವ ನಿಯಂತ್ರಕರ ಕೈಗೊಪ್ಪಿಸಿ, ಕಿವಿಯ ಮೇಲಿನ ಹೆಡ್‌ಫೋನ್ ಕಿತ್ತಿಟ್ಟು ಹೊರಗೋಡಿದಳು.

ರನ್‌ವೇ ತುದಿಯಲ್ಲಿ ಹೆಲಿಕಾಪ್ಟರ್ ತಿರುಗುತ್ತಿತ್ತು. ಬಾಣದ ಏಣಿ ಪೂರ್ತಿ ಇಳಿಯುವ ಮೊದಲೇ ಇಮ್ತಿಯಾಜ್ ಪೆಟ್ಟಿಗೆ ಅವುಚಿಕೊಂಡು ಕೆಳಗೆ ಹಾರಿದ. ಅವನ ಕಣ್ಣುಗಳು ಕೆಂಪಾಗಿದ್ದವು.

"ಎಷ್ಟದ?" ಎಂದ.

"ಇಪ್ಪತ್ತೊಂಬತ್ತು ನಿಮಿಷ ಅದ. ಹೆಲಿಕಾಪ್ಟರ್ ಹತ್ತು. ಇಪ್ಪತ್ತು ನಿಮಿಷದಾಗ ಹಳಿಯಾಳ."

ಹೆಲಿಕಾಪ್ಟರ್ ಮೆಳೆಯ ಪಕ್ಕದ ಬಯಲಿನಲ್ಲಿ ಇಳಿದಾಗ ಅಲ್ಲಿ ಇಡೀ ಓಣಿ ನೆರೆದಿತ್ತು. ಫಕೀರಪ್ಪ ಮತ್ತು ಅವನ ಜತೆಯವರು ಮಧ್ಯಾಹ್ನವೇ ಎತ್ತರದ ಗಳಗಳನ್ನು ಹುಷಾರಾಗಿ ಬಗ್ಗಿಸಿ ಹಗ್ಗದಿಂದ ನೆಲಕ್ಕೆ ಬಿಗಿದಿದ್ದರು. ಹೂಗೊಂಚಲುಗಳೆಲ್ಲ ಕೈಗೆಟಕುತ್ತಿದ್ದವು. ಎಲ್ಲೆಡೆ ಬ್ಯಾಟರಿ ದೀಪ. ಹೆಂಗಸರು ಮೆತ್ತನೆಯ ಕುಂಚ ಹಿಡಿದು ಸಾಲಾಗಿ ನಿಂತಿದ್ದರು. ಹೇಗೆ ಸವರಬೇಕೆಂದು ಇಮ್ತಿಯಾಜನ ಶಿಷ್ಯೆಯರು ಅವರಿಗೆ ವಾರದಿಂದ ಕಲಿಸಿದ್ದರು.

ಪೆಟ್ಟಿಗೆ ತೆರೆಯಿತು. ಒಳಗಿನ ಪುಟ್ಟ ತಟ್ಟೆಗಳಲ್ಲಿ ಅರಿಶಿನಕ್ಕಿಂತ ತಿಳಿಯಾದ ಹಳದಿ ಪುಡಿ. ತಂಗೆವ್ವ ಮೊದಲ ತಟ್ಟೆ ತೆಗೆದುಕೊಂಡಳು.

"ಬಂತೇನ ಅನಸಿ?"

"ಬಂತು ಚಿಗವ್ವ. ಲಗೂ ಮಾಡು."

ತಂಗೆವ್ವ ಲಗುಬಗೆಯಿಂದಲೇ ಕೆಲಸ ಶುರುಮಾಡಿದಳು. ಕೂದಲೆಳೆಯ ಸೀಳು ಹಿಡಿದು ಪಳಗಿದ ಬೆರಳುಗಳು ಹೂವಿನ ಗರಿಯಂಥ ತುದಿಗಳನ್ನು ಒಂದೊಂದಾಗಿ ಮುಟ್ಟಿ ಮುಂದೆ ಸಾಗಿದವು. ಅವಳ ಹಿಂದೆ ಉಳಿದವರು. ಏಳೂವರೆ ಹೊಡೆದಾಗ ತಟ್ಟೆಗಳು ಬರಿದಾಗಿದ್ದವು. ಇಮ್ತಿಯಾಜ್ ಕೊನೆಯ ತಟ್ಟೆಯಲ್ಲಿ ಉಳಿದ ಚಿಟಿಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಕಣಗಳು ತೇವ ಹೀರಿ ಉಬ್ಬಿ ಸಣ್ಣ ಮೊಳಕೆ ಚಾಚುತ್ತಿದ್ದವು. ಅವನು ತಲೆಯೆತ್ತಿ ಅನಸೂಯಾಳಿಗೂ ನೋಡಲು ಜಾಗ ಬಿಟ್ಟ.

ಮೊದಲೇ ಗೊತ್ತಿದ್ದ ಹಾಗೆ ಮೆಳೆ ಒಣಗಿತು. ಹಸಿರಾಗಿದ್ದ ಗಳಗಳು ಬಿಳಿಚಿ, ಫಕೀರಪ್ಪ ಎಚ್ಚರಿಸಿದ್ದಂತೆಯೇ ಮುಟ್ಟಿದರೆ ಮುರಿಯತೊಡಗಿದವು. ಓಣಿಯವರು ದಾಂಡೇಲಿಯ ಬಿದಿರಿನಿಂದ ಒರಟು ಬುಟ್ಟಿ ಹೆಣೆದು ಮಾರಿದರು. ಆ ವರ್ಷ ಯಾರ ಮನೆಯಲ್ಲೂ ಕೈ ಸಡಿಲವಿರಲಿಲ್ಲ. ಮೆಳೆಯನ್ನು ಬಿಟ್ಟದ್ದು ತಪ್ಪಾಯಿತೆಂದು ಕೆಲವರು ತಂಗೆವ್ವನ ಮುಂದೆಯೇ ಅಂದರು. ಅವಳು ಜಗಳಕ್ಕೆ ಹೋಗಲಿಲ್ಲ. ಏಪ್ರಿಲ್ ಕೊನೆಗೆ ಇಮ್ತಿಯಾಜ್ ಬಂದು, ಈಗ ಕೊಯ್ಯಬಹುದು ಎಂದಾಗ ಎಲ್ಲರೂ ಚೀಲ ಹಿಡಿದು ಹೊರಟರು. ಒಣ ಗೊಂಚಲುಗಳನ್ನು ಕಂಬಳಿಯ ಮೇಲೆ ಬಡಿದು, ಮೊರಕ್ಕೆ ಹಾಕಿ ಕೇರಿದರು. ಮೊದಲ ಮೊರದಲ್ಲಿ ಎಲ್ಲವೂ ಹೊಟ್ಟಾಗಿ ಹಾರಿಹೋಯಿತು. ಎರಡನೆಯದರಲ್ಲೂ ಹಾಗೇ. ಮೂರನೆಯ ಮೊರ ಕೇರುತ್ತಿದ್ದ ಫಕೀರಪ್ಪ ಒಮ್ಮೆಲೇ ಕೈ ನಿಲ್ಲಿಸಿದ.

"ಸಾಹೇಬ್ರ, ಇಲ್ಲಿ ಬರ್ರಿ. ಏನೋ ಕುಂತದ."

ಮೊರದ ಒಳಮೂಲೆಯಲ್ಲಿ ಗೋಧಿಗಿಂತ ತೆಳ್ಳನೆಯ ಕಂದು ಕಾಳುಗಳು ಕುಳಿತಿದ್ದವು. ಫಕೀರಪ್ಪ ಒಂದನ್ನು ಹಲ್ಲಿನಲ್ಲಿ ಕಡಿದು ನೋಡಿದ. ಒಳಗೆ ಬೆಳ್ಳನೆಯ ತಿರುಳಿತ್ತು. ಸಂಜೆಯ ಹೊತ್ತಿಗೆ ಒಂದು ಬೊಗಸೆ ತುಂಬಾ ಬೀಜ ಸೇರಿತು. ಆ ರಾತ್ರಿ ಓಣಿಯಲ್ಲಿ ಹೋಳಿಗೆ ಆಯಿತು. ಅಕ್ಕಪಕ್ಕದ ಓಣಿಯವರೂ ಬಂದು ಉಂಡರು.

ಟ್ರಿನಿಡಾಡಿನ ದಾರಿ ಮರುವರ್ಷ ಪ್ರಯಾಣಿಕರಿಗೆ ತೆರೆಯಿತು. ಹೊಳೆ ಒಡೆಯದಿರುವಷ್ಟು ದಿನ ಚಳಿಗಾಲದಲ್ಲಿ ಬರುವ ಬಾಣಗಳು ಉತ್ತರದ ಗಾಳಿಹೊಳೆ ಹಿಡಿದೇ ಬರಬೇಕು ಎಂದು ನಿಯಮವಾಯಿತು. ಮುಂಗಿರಣದ ವಾಲಿನಿಂದ ಗಾಳಿ ಅಳೆಯುವುದನ್ನು ಎಲ್ಲ ಬಾಣಗಳ ಗಣಕಕ್ಕೂ ಕಲಿಸಿದರು. ಅದನ್ನು ಕಲಿಸುವ ತಂಡಕ್ಕೆ ಅನಸೂಯಾಳೇ ಮುಖ್ಯಸ್ಥೆಯಾದಳು.

ಆ ಹೊತ್ತಿಗೆ ಆಚೆಯ ತೋಟದ ಮೆಳೆಯೂ ಹೂ ಬಿಟ್ಟು ಸತ್ತಿತ್ತು. ಅವರಿಗೆ ಸಸಿ ಕೊಡುವುದು ನಮ್ಮ ಕೆಲಸ ಎಂದು ಓಣಿಯವರು ತೀರ್ಮಾನ ಮಾಡಿದರು. ಕೊಂಡೊಯ್ಯಲು ತಂಗೆವ್ವನನ್ನು ಆರಿಸಿದರು. ಹೊಸ ಇಳಕಲ್ ಸೀರೆ ಉಟ್ಟು, ಮಧ್ಯಾಹ್ನದ ರೊಟ್ಟಿ ಊಟ ಮುಗಿಸಿಕೊಂಡು ಅವಳು ಅನಸೂಯಾ, ಇಮ್ತಿಯಾಜರ ಜತೆ ಬಾಣ ಹತ್ತಿದಳು. ಕಿಟಕಿಯಾಚೆ ಹಗಲಿನಲ್ಲೇ ಕಪ್ಪಾಗಿದ್ದ ಆಕಾಶವನ್ನೂ ಕೆಳಗೆ ಬಾಗಿದ ಭೂಮಿಯ ಅಂಚನ್ನೂ ನೋಡುತ್ತ ಇಡೀ ದಾರಿ ರೆಪ್ಪೆ ಮುಚ್ಚಲಿಲ್ಲ. ಇಳಿದಾಗ ಅಲ್ಲಿ ಇನ್ನೂ ಎಳೆ ಬಿಸಿಲು. ತೋಟದವರು ಬೆಳಗಿನ ಉಪಾಹಾರಕ್ಕೆ ಕರೆದರು.

"ಊಟ ಮಾಡಿ ಬಂದೀನಿ, ಈಗ ನಾಷ್ಟಾ ಅಂತಾರಲ್ಲ!" ಎಂದು ತಂಗೆವ್ವ ನಕ್ಕಳು. ಆದರೂ ಕರೆದವರ ಮನಸ್ಸು ನೋಯಬಾರದೆಂದು ಕುಳಿತು ತಿಂದಳು.

ಹಳೆಯ ಮೆಳೆ ಇದ್ದ ಇಳಿಜಾರಿನಲ್ಲಿ ಗುಣಿ ತೋಡಿದ್ದರು. ಸಸಿಗಳು ಒಂದೇ ಗೊಂಚಲಿನವಲ್ಲ. ಬೇರೆ ಬೇರೆ ಕಾಳಿನಿಂದ ಹುಟ್ಟಿದವನ್ನು ಇಮ್ತಿಯಾಜ್ ಆರಿಸಿ ತಂದಿದ್ದ. ಒಂದಕ್ಕೊಂದರ ಪರಾಗ ಒಗ್ಗುವಂಥವು. ಹಳಿಯಾಳದಲ್ಲೂ ಹಾಗೆಯೇ ನೆಟ್ಟಿದ್ದರು.

"ಎಷ್ಟ ಬಿಟ್ಟು ನಡಬೇಕ್ರಿ ಸಾಹೇಬ್ರ?" ಎಂದು ತಂಗೆವ್ವ ಕೇಳಿದಳು.

"ಹತ್ತಡಿ ಸಾಕು. ಮುಂದಿನ ಸಲ ಹೂ ಬಿಟ್ಟಾಗ ಈ ಗಿಡದ ಪರಾಗ ಆ ಗಿಡಕ್ಕ ಗಾಳಿನಽ ಒಯ್ತದ."

"ಬಾಣ ಬ್ಯಾಡ ಹಂಗಾರ?"

"ಬ್ಯಾಡ," ಎಂದ ಇಮ್ತಿಯಾಜ್. "ಅನಸೂಯಾನ ಕೆಲಸ ಹೋತು."

"ಹೋಗಲಿ," ಎಂದಳು ಅನಸೂಯಾ. ಸಸಿಯ ಬೇರು ಅಲುಗದಂತೆ ಹಿಡಿದು ಗುಣಿಯೊಳಗೆ ಇಳಿಸಿದಳು. ತಂಗೆವ್ವ ಎರಡೂ ಕೈಯಿಂದ ಮಣ್ಣು ಬಾಚಿ ಬುಡಕ್ಕೆ ಒತ್ತಿ, ಹತ್ತಡಿ ಆಚೆ ನಡೆದು ಮುಂದಿನ ಗುಣಿಯ ಪಕ್ಕ ಕುಳಿತಳು.